ಕಾಗದ ಬರೆಯುತ್ತಿದ್ದ ಮಮ್ಮದ್

ಮಮ್ಮದ್ ಎಂಬ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಒಂದು ಶುಕ್ರವಾರ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ನನ್ನ ಮಗ ಶಾಫಿಗೆ ಸಹಮ್ ಪೇಟೆಯಲ್ಲಿ ಒಂದು ಸಣ್ಣ ದಿನಸಿ ಅಂಗಡಿ ಇದೆ. ಗಂಡ ತೀರಿಕೊಂಡ ಮೇಲೆ ನಾನೂ ಒಮಾನಿಗೆ ಬಂದು ಅವನ ಜೊತೆ ಅಂಗಡಿಯ ಹಿಂದಿನ ಮನೆಯಲ್ಲಿದ್ದೇನೆ. ಜುಮಾ ನಮಾಜು ಮುಗಿಸಿ ಬಂದವನು ಮೀನಿನ ಮುಳ್ಳು ಬಿಡಿಸುತ್ತಾ ಹೇಳಿದ:

“ಉಮ್ಮ, ಬೆಳಿಗ್ಗೆ ಒಬ್ರು ಅಜ್ಜ ಬಂದಿದ್ರು. ಖರ್ಜೂರದ ತೋಟದಲ್ಲಿ ಇರುವುದಂತೆ. ನಮ್ಮ ಬ್ಯಾರಿ ಭಾಷೆ ಮಾತಾಡಿದ್ರು. ಯಾವ ಊರು ಅಂತ ಕೇಳಿದ್ರು, ತಲಪಾಡಿ ಹತ್ತಿರ ಉಚ್ಚಿಲ ಅಂದೆ. ಯಾರ ಪೈಕಿ ಅಂದ್ರು. ಟೈಲರ್ ಹಾಜಬ್ಬರ ಮೊಮ್ಮಗ ಅಂದೆ.”

“ಮತ್ತೆ?”

“ಮತ್ತೆ ಎಂತ ಇಲ್ಲ. ಸಾಬೂನು, ಚಾಹುಡಿ ಎಲ್ಲ ಮೇಜಿನ ಮೇಲೆ ಬಿಟ್ಟು ಹೊರಟೇ ಹೋದ್ರು. ಕರೆದೆ, ತಿರುಗಿ ನೋಡ್ಲಿಲ್ಲ. ಆಮೇಲೆ ವಿಚಾರಿಸಿದೆ, ಮಮ್ಮದ್ ಅಂತ ಹೆಸರಂತೆ. ತೋಟದ ಅರಬಿಗಳು ಮಮ್ಮದ್ ಖಯ್ಯಾತ್ ಅಂತಾರೆ.”

ಖಯ್ಯಾತ್ ಎಂದರೆ ದರ್ಜಿ. ನನ್ನ ತಂದೆ, ಉಪ್ಪನೂ ದರ್ಜಿ. ಉಪ್ಪನ ಹೆಸರು ಕೇಳಿ ಎದ್ದು ಹೋಗುವ ಇನ್ನೊಬ್ಬ ದರ್ಜಿ ಈ ದೇಶದಲ್ಲಿ ಯಾರು? ತಟ್ಟೆ ಸರಿಸಿ ಎದ್ದೆ.

ಹಾಜಬ್ಬ, ನನ್ನ ಉಪ್ಪ, ನಾನು ಉಮ್ಮನ ಹೊಟ್ಟೆಯಲ್ಲಿ ಐದು ತಿಂಗಳಿರುವಾಗ ಹೊಲಿಗೆ ಮಿಶನನ್ನು ಗೋಣಿಯಲ್ಲಿ ಕಟ್ಟಿಕೊಂಡು ಮಂಗಳೂರು ಬಂದರಿನಲ್ಲಿ ಹಂಚು ತುಂಬಿದ ಮಂಜಿ, ಅಂದರೆ ಹಾಯಿಹಡಗು, ಹತ್ತಿದವರು. ಮಸ್ಕತ್ತಿಗೆ ಹೋಗಿ ಹೊಲಿಯುತ್ತೇನೆ, ಎರಡು ವರ್ಷದಲ್ಲಿ ಬರುತ್ತೇನೆ ಎಂದು ಹೇಳಿ ಹೋದರು. ಐದು ವರ್ಷ ಕಾಗದ ಬಂತು. ಆಮೇಲೆ ಅದೂ ನಿಂತಿತು. ಊರಿನವರು ತೀರ್ಮಾನ ಮಾಡಿದರು, ಹಾಜಬ್ಬ ಅರಬಿ ಹೆಣ್ಣು ಕಟ್ಟಿಕೊಂಡು ಕೂತಿದ್ದಾನೆ ಎಂದು. ನನ್ನ ಉಮ್ಮ ಐಸಮ್ಮ ಬೀಡಿ ಕಟ್ಟಿ ನನ್ನನ್ನು ಸಾಕಿದಳು. ಮದುವೆ ಮನೆಯಲ್ಲಿ ಹೆಂಗಸರು ಬೇಕೆಂದೇ ಕೇಳುವರು, “ಐಸಮ್ಮ, ನಿನ್ನ ಗಂಡನಿಗೆ ಅಲ್ಲಿ ಎಷ್ಟು ಮಕ್ಕಳಾಯ್ತು?” ಉಮ್ಮ ತಲೆ ಎತ್ತದೆ, “ಅವರು ಬಂದ ಮೇಲೆ ಕೇಳಿ ಹೇಳ್ತೇನೆ” ಅನ್ನುವಳು. ಮನೆಗೆ ಬಂದ ಮೇಲೆ ಎರಡು ದಿನ ಯಾರ ಜೊತೆಯೂ ಮಾತಿಲ್ಲ.

ನನ್ನ ನಿಕಾಹ್‌ನ ದಿನವನ್ನು ಹೇಳಲೇಬೇಕು. ಹುಡುಗಿಯನ್ನು ನಿಕಾಹ್ ಮಾಡಿಕೊಡಲು ತಂದೆ ಬೇಕು. ತಂದೆ ಸತ್ತಿದ್ದರೆ, ಅಜ್ಜನೂ ಅಣ್ಣತಮ್ಮಂದಿರೂ ಇಲ್ಲದಿದ್ದರೆ, ಚಿಕ್ಕಪ್ಪ. ಉಪ್ಪನ ತಮ್ಮ ಮೊಯ್ದು ಚಿಕ್ಕಪ್ಪ ಹೊಸ ಅಂಗಿ ಹಾಕಿಕೊಂಡು ಮದುಮಗನ ಎದುರು ಕೂತಿದ್ದರು. ಮಸೀದಿಯ ಖತೀಬರು ಕೇಳಿದರು, “ಮೊಯ್ದು, ಅಣ್ಣ ಸತ್ತ ಸುದ್ದಿ ಉಂಟಾ?” “ಇಲ್ಲ ಉಸ್ತಾದ್.” “ಹಾಗಾದ್ರೆ ನಿನಗೆ ಹಕ್ಕಿಲ್ಲ, ಏಳು. ತಂದೆ ಬದುಕಿದ್ದು ದೂರದಲ್ಲಿದ್ರೆ ಖಾಝಿಯೇ ನಡೆಸಿಕೊಡಬೇಕು.” ಅಷ್ಟು ಜನರ ಎದುರು ಚಿಕ್ಕಪ್ಪ ಚಾಪೆಯಿಂದ ಎದ್ದು ಹಿಂದೆ ಹೋಗಿ ನಿಂತರು. ನಾನು ಒಳಗಿನಿಂದ ನೋಡುತ್ತಿದ್ದೆ. ಆ ಹೊತ್ತಿಗೆ ಉಪ್ಪನ ಮೇಲೆ ಬಂದ ಸಿಟ್ಟು ಐವತ್ತು ವರ್ಷವಾದರೂ ಇಳಿಯಲಿಲ್ಲ. ಮನೆಯಲ್ಲಿ ಕುರಾನಿನ ಯಾಸೀನ್ ಓದುವಾಗ ಸತ್ತವರ ಹೆಸರು ಹೇಳುವ ಕ್ರಮ ಇದೆಯಲ್ಲ, ಅದರಲ್ಲಿ ಅವರ ಹೆಸರು ಒಮ್ಮೆಯೂ ಬರಲಿಲ್ಲ. ಬದುಕಿರುವವರಿಗೆ ಯಾರು ಯಾಸೀನ್ ಓದುತ್ತಾರೆ?

ಮಾರನೆಯ ದಿನ ಸೊಸೆ ಸಫೀನಾಳನ್ನು ಕರೆದುಕೊಂಡು ತೋಟ ಹುಡುಕಿ ಹೋದೆ. “ಮಾಮಿ, ಮೊದಲೇ ಹೇಳ್ತೇನೆ, ಜಗಳ ಮಾಡ್ಬಾರ್ದು ಆಯ್ತಾ, ಇದು ನಮ್ಮ ಊರಲ್ಲ” ಎಂದು ದಾರಿಯಿಡೀ ಹೇಳುತ್ತಾ ಬಂದಳು. ನಾನು ಜಗಳಕ್ಕೆ ಹೊರಟವಳಲ್ಲ. ನನಗೆ ಬೇಕಾದದ್ದು ಒಂದೇ. ಆ ಮನುಷ್ಯ ನಮ್ಮನ್ನು ಬಿಟ್ಟದ್ದು ಹೌದೋ ಅಲ್ಲವೋ. ಸತ್ತಿದ್ದರೆ ಯಾವಾಗ, ಎಲ್ಲಿ.

ನೀರಿನ ಪಂಪಿನ ಪಕ್ಕದ ಒಂದು ಕೋಣೆ. ಹೊರಗೆ ಮಂಚದಲ್ಲಿ ಮಮ್ಮದ್ ಕೂತಿದ್ದ. ನನಗಿಂತ ಹತ್ತೊಂಬತ್ತು ವರ್ಷ ದೊಡ್ಡವನು. ಗೌರವ ಕೊಟ್ಟು ಬರೆಯಬೇಕಾದ ಪ್ರಾಯ. ಬರೆಯಲು ನನಗೆ ಮನಸ್ಸಿಲ್ಲ. ಅವತ್ತು ಮಾತ್ರ ಕೊಟ್ಟೇ ಮಾತಾಡಿದೆ.

“ಅಸ್ಸಲಾಮು ಅಲೈಕುಂ ಕಾಕ. ನಾನು ಉಚ್ಚಿಲದ ಹಾಜಬ್ಬರ ಮಗಳು.”

ಅವನು ಸಲಾಮಿಗೆ ಉತ್ತರ ಕೊಟ್ಟು, ಸ್ವಲ್ಪ ಹೊತ್ತು ನನ್ನ ಮುಖ ನೋಡಿ, “ಖದೀಜ” ಅಂದ.

“ಹೆಸರು ಯಾರು ಹೇಳಿದ್ದು? ಶಾಫಿಯಾ?”

“ಯಾರೂ ಹೇಳ್ಲಿಲ್ಲ. ಆ ಹೆಸರು ಇಟ್ಟದ್ದು ನಾನು.”

ಸಫೀನಾ ನನ್ನ ತೋಳು ಹಿಡಿದುಕೊಂಡಳು. ಕೂತುಕೊಳ್ಳಲು ಅವನು ಹೇಳಲಿಲ್ಲ, ನಾನು ಕೂರಲೂ ಇಲ್ಲ. ನಿಂತೇ ಕೇಳಿದೆ. ಅವನು ಹೇಳಿದ.

ಅವನು ನಮ್ಮ ಊರಿನ ಹತ್ತಿರದ ಕಿನ್ಯದವನು. ಐದನೇ ಕ್ಲಾಸಿನವರೆಗೆ ಕನ್ನಡ ಶಾಲೆ, ಅಕ್ಷರ ಮುತ್ತಿನ ಹಾಗೆ ಎಂದು ಮಾಸ್ತರರ ಹೊಗಳಿಕೆ. ಅದೇ ಮಂಜಿಯಲ್ಲಿ ಅಡಿಗೆ ಕೆಲಸಕ್ಕೆ ಸೇರಿದ್ದ. ದಾರಿಯಲ್ಲಿ ವಾಂತಿ ಹಿಡಿದಾಗ ನನ್ನ ಉಪ್ಪ ಅವನನ್ನು ನೋಡಿಕೊಂಡರಂತೆ. ಮಸ್ಕತ್ತಿನ ಮತ್ರಾ ಬಂದರಿನಲ್ಲಿ ಇಳಿದ ಮೇಲೆ ಇಬ್ಬರೂ ಒಂದೇ ಚಾಪೆ. ಉಪ್ಪ ಬಟ್ಟೆ ಕತ್ತರಿಸುವುದು, ಇವನು ಗುಂಡಿ ಹಾಕುವುದು. ಉಪ್ಪನಿಗೆ ಓದುಬರಹ ಬರುತ್ತಿರಲಿಲ್ಲ. ಹಾಗಾಗಿ ಮೊದಲ ಕಾಗದದಿಂದಲೇ ಬರೆಯುವವನು ಮಮ್ಮದ್. ಉಪ್ಪ ಹೇಳುವುದು, ಇವನು ಬರೆಯುವುದು. ನಮ್ಮ ಕಡೆಯೂ ಹಾಗೇ. ಉಮ್ಮನಿಗೆ ಅಕ್ಷರ ಗೊತ್ತಿಲ್ಲ, ಓದಿ ಹೇಳುವುದು, ಉತ್ತರ ಬರೆಯುವುದು ಮೊಯ್ದು ಚಿಕ್ಕಪ್ಪ. ಗಂಡಹೆಂಡಿರ ನಡುವೆ ಇಬ್ಬರು ಹೊರಗಿನವರು. ಆ ಕಾಲದಲ್ಲಿ ಎಲ್ಲ ಮನೆಗಳಲ್ಲೂ ಹೀಗೇ ನಡೆಯುತ್ತಿತ್ತು. ಯಾರಿಗೂ ಅದರಲ್ಲಿ ತಪ್ಪು ಕಾಣುತ್ತಿರಲಿಲ್ಲ.

ಒಳನಾಡಿನ ಬುರೈಮಿ ಎಂಬ ಊರಿನಲ್ಲಿ ದರ್ಜಿಗಳಿಲ್ಲ ಎಂದು ಯಾರೋ ಹೇಳಿದರಂತೆ. ದೋಣಿಯಲ್ಲಿ ಸೋಹಾರಿಗೆ ಬಂದು, ಅಲ್ಲಿಂದ ಒಂಟೆಯವರ ಜೊತೆ ವಾದಿ ಜಿಝಿ ಎಂಬ ಒಣ ಹೊಳೆಯ ಕಣಿವೆಯಲ್ಲಿ ಗುಡ್ಡಗಳ ನಡುವೆ ಹೊರಟರು. ಎರಡನೇ ದಿನ ಉಪ್ಪನಿಗೆ ಜ್ವರ. ಮೂರನೇ ದಿನ ಒಂಟೆಯ ಮೇಲೆ ಕೂರಲಾಗಲಿಲ್ಲ. ನಾಲ್ಕು ಮನೆಗಳ ಒಂದು ಹಳ್ಳಿಯಲ್ಲಿ ಇಳಿಸಿದರು.

“ನೀರು ಕೇಳಿದ್ರು, ಕೊಟ್ಟೆ,” ಅಂದ ಮಮ್ಮದ್. “ಮಗು ಹುಟ್ಟಿರಬಹುದಾ ಅಂತ ಕೇಳಿದ್ರು. ಹುಟ್ಟಿರಬಹುದು ಅಂದೆ. ಅಷ್ಟೇ. ರಜಬ್ ತಿಂಗಳ ಇಪ್ಪತ್ತೊಂದು, ಸಂಜೆಯ ಅಸರ್ ನಮಾಜಿನ ಬಾಂಗ್ ಆಗ್ತಾ ಇತ್ತು.”

ನಾನು ಹುಟ್ಟಿದ್ದು ರಜಬ್ ಹದಿನಾರಕ್ಕೆ. ಅಂದರೆ ನನಗೆ ಐದು ದಿನ ತುಂಬುವಾಗ ಉಪ್ಪ ಸತ್ತಿದ್ದರು. ಐದು ದಿನ. ಅರುವತ್ತೇಳು ವರ್ಷ ನಾನು ಒಬ್ಬ ಸತ್ತ ಮನುಷ್ಯನನ್ನು ಬೈದಿದ್ದೇನೆ.

“ಕಾಗದ?” ಎಂದು ಕೇಳಿದೆ. “ಐದು ವರ್ಷ ಕಾಗದ ಬಂತಲ್ಲ?”

ಅವನು ಒಂಟೆಯವರ ಜೊತೆ ಬುರೈಮಿಗೆ ಹೋದ. ಒಂದೂವರೆ ತಿಂಗಳಾದ ಮೇಲೆ ಸೋಹಾರಿನಿಂದ ಬಂದವರ ಕೈಯಲ್ಲಿ ಚಿಕ್ಕಪ್ಪನ ಕಾಗದ ಸಿಕ್ಕಿತು. ಹೆಣ್ಣುಮಗು ಹುಟ್ಟಿದೆ, ಬಾಣಂತಿ ಸೊರಗಿದ್ದಾಳೆ, ಹೆಸರು ತಂದೆಯೇ ಇಡಬೇಕೆಂದು ಅಜ್ಜಿಯ ಹಟ, ಅಲ್ಲಿಯವರೆಗೆ ಬರೀ ಕುಂಞಿ, ಮಗು ಎಂದು ಕರೆಯುತ್ತೇವೆ, ಬೇಗ ಬರೆ.

“ಬಾಣಂತಿಗೆ ಸಾವಿನ ಸುದ್ದಿ ಬರೆದ್ರೆ ಹಾಲು ಬತ್ತಿ ಮಗು ಉಳಿಯುವುದಿಲ್ಲ ಅಂತ ಹೆದರಿದೆ. ಸುದ್ದಿ ತಡೀಲಿ, ಮಗು ಗಟ್ಟಿಯಾಗ್ಲಿ ಅಂತ. ಕ್ಷೇಮ ಅಂತ ಬರೆದೆ. ಖದೀಜ ಅಂತ ಇಡಿ ಅಂತ ಬರೆದೆ. ನನ್ನ ಉಮ್ಮನ ಹೆಸರು ಅದು. ಬೇರೆ ಹೆಸರು ನೆನಪಿಗೆ ಬರ್ಲಿಲ್ಲ.”

ಉಪ್ಪ ನನಗೆ ಕೊಟ್ಟದ್ದು ಹೆಸರು ಒಂದೇ ಎಂದು ನಾನು ತಿಳಿದಿದ್ದೆ. ಅದೂ ಅವರು ಕೊಟ್ಟದ್ದಲ್ಲ. ಯಾರದೋ ಉಮ್ಮನ ಹೆಸರು ಹೊತ್ತುಕೊಂಡು ನಾನು ಮುದುಕಿಯಾಗಿದ್ದೇನೆ.

“ಬಾಣಂತನ ಮುಗೀತಲ್ಲ. ಆಮೇಲೆ?”

“ಆಮೇಲೆ ಉತ್ತರ ಬಂತು. ಹೆಸರು ಎಲ್ಲರಿಗೂ ಹಿಡಿಸಿತು ಅಂತ. ಸತ್ತುಹೋದವರು ಹೆಸರು ಹೇಗೆ ಇಟ್ರು ಅಂತ ಕೇಳಿದ್ರೆ ನಾನೆಂತ ಹೇಳಲಿ? ಇನ್ನೊಂದು ಬರೆದೆ. ಮತ್ತೆ ಇನ್ನೊಂದು.” ಅವನು ಮಂಚದ ಹಗ್ಗವನ್ನು ಉಗುರಿನಿಂದ ಎಳೆಯುತ್ತಿದ್ದ. “ನಿನ್ನ ಉಮ್ಮ ಬರೆಸ್ತಿದ್ಲು, ಮಗುವಿಗೆ ಹಲ್ಲು ಬಂತು, ಗೋಡೆ ಹಿಡಿದು ನಡೀತದೆ, ನಿಮ್ಮ ಬಿಳಿ ಅಂಗಿ ಒಗೆದು ಮಡಚಿಟ್ಟಿದ್ದೇನೆ ಅಂತ. ನನಗಾಗಿ ಅಂಗಿ ಮಡಚಿಟ್ಟವರು ಯಾರೂ ಇರ್ಲಿಲ್ಲ. ಆ ಕಾಗದ ಬರುವುದು ನಿಂತ್ರೆ ನನಗೆ ಯಾರೂ ಇಲ್ಲ ಅಂತ ಆಗ್ತಿತ್ತು.”

ಹನ್ನೊಂದು ಕಾಗದ ಬರೆದನಂತೆ. ಸುದ್ದಿ ಹೇಳಬಹುದಾದವರು ಬುರೈಮಿಯಲ್ಲಿ ಯಾರೂ ಇರಲಿಲ್ಲ. ನನ್ನ ಉಪ್ಪನ ಮಿಶನಿನಲ್ಲೇ ಹೊಲಿಗೆ ಕಲಿತು ಮೂವತ್ತು ವರ್ಷ ಅರಬಿಗಳ ನಿಲುವಂಗಿ ಹೊಲಿದ. ಕಣ್ಣು ಮಂದವಾದ ಮೇಲೆ ರುಸೈಲ್‌ನ ಒಂದು ಬಟ್ಟೆ ಕಾರ್ಖಾನೆಯಲ್ಲಿ ಗೇಟು ಕಾದ. ಅಲ್ಲೂ ಪ್ರಾಯವಾಯಿತೆಂದು ಬಿಟ್ಟ ಮೇಲೆ ಅವನಿಗೆ ವೀಸಾ ಕೊಟ್ಟಿದ್ದ ಹಳೆಯ ಕಫೀಲ್‌ನ ಮಗ ಸಹಮ್‌ನ ತೋಟದಲ್ಲಿ ಈ ಕೋಣೆ ಕೊಟ್ಟ. ಮದುವೆಯಾಗಲಿಲ್ಲ. ಎರಡೇ ಸಲ ಊರಿಗೆ ಹೋದದ್ದು. ಒಂದು ಸಲ ಉಚ್ಚಿಲದವರೆಗೂ ಬಸ್ಸಿನಲ್ಲಿ ಬಂದಿದ್ದನಂತೆ. ಇಳಿಯಲಿಲ್ಲ. ಅದೇ ಬಸ್ಸಿನಲ್ಲಿ ಮುಂದೆ ಹೋಗಿ, ತಲಪಾಡಿಯಲ್ಲಿ ಚಾಹಾ ಕುಡಿದು ವಾಪಸ್ಸು ಬಂದನಂತೆ. ಹೆಮ್ಮೆಯ ವಿಷಯವೆಂಬ ಹಾಗೆ ಅದನ್ನು ನನಗೆ ಹೇಳಿದ.

“ಕಾಗದ ನಿಂತದ್ದು ಯಾಕೆ?”

 ಅದನ್ನೂ ಹೇಳಿದ. ನನಗೆ ಐದು ವರ್ಷವಾದಾಗ ಮೊಯ್ದು ಚಿಕ್ಕಪ್ಪ ಒಂದು ಕಾಗದ ಬರೆದಿದ್ದರು. ಅಣ್ಣ, ಬರುವುದಾದರೆ ಬಾ, ಇಲ್ಲದಿದ್ದರೆ ತಲಾಖ್ ಕಳಿಸು. ಅತ್ತಿಗೆಯನ್ನು ಒಬ್ಬ ಒಳ್ಳೆಯ ಮನುಷ್ಯ ಕೇಳುತ್ತಿದ್ದಾನೆ, ಅವಳ ಜೀವನ ಹಾಳು ಮಾಡಬೇಡ.

ಆ ಮನುಷ್ಯ ಯಾರೆಂದು ನನಗೆ ಗೊತ್ತು. ಹೆಂಡತಿ ತೀರಿಹೋದ ಒಬ್ಬ ಬಡಗಿ. ನನಗೆ ಮರದ ಬಂಡಿ ಮಾಡಿಕೊಟ್ಟಿದ್ದವನು. ಗಂಡನ ಕಾಗದ ಬರುತ್ತಿರುವ ಹೆಂಗಸನ್ನು ಹೇಗೆ ನಿಕಾಹ್ ಮಾಡುವುದು ಎಂದು ಖಾಝಿ ವಾಪಸ್ಸು ಕಳಿಸಿದ್ದರು. ಎರಡು ವರ್ಷ ಕಾದು ಅವನು ಬೇರೆ ಮದುವೆಯಾದ.

“ತಲಾಖ್ ಬರೀಲಿಕ್ಕೆ ನನಗೆ ಕೈ ಬರ್ಲಿಲ್ಲ,” ಅಂದ ಮಮ್ಮದ್. “ಸತ್ತವರ ಹೆಸರಲ್ಲಿ ಸುಳ್ಳು ತಲಾಖ್ ಬರೆಯುವುದು ಹರಾಮ್ ಅಲ್ವಾ? ಅದಕ್ಕೆ ನಿಲ್ಲಿಸಿಬಿಟ್ಟೆ.”

ಅಲ್ಲಿಯವರೆಗೆ ಕಾಕ ಎಂದು ಕರೆದಿದ್ದೆ. ಇನ್ನು ಆಗಲಿಲ್ಲ.

“ಸುಳ್ಳು ತಲಾಖ್ ಹರಾಮ್. ಸುಳ್ಳು ಜೀವ ಹಲಾಲಾ ನಿನಗೆ? ಸತ್ತಿದ್ದಾರೆ ಅಂತ ಒಂದು ಸಾಲು ಬರೆದಿದ್ರೆ ನನ್ನ ಉಮ್ಮ ನಾಲ್ಕು ತಿಂಗಳು ಹತ್ತು ದಿನ ಗಂಡ ಸತ್ತವರ ಇದ್ದತ್ ಕೂತು ಎದ್ದು ಬರ್ತಿದ್ಲು. ಇಪ್ಪತ್ತೇಳು ವರ್ಷ ಪ್ರಾಯ ಅವಳಿಗೆ. ಬದುಕ್ತಿದ್ಲು. ನೀನು ಅವಳನ್ನು ಸಾಯುವವರೆಗೆ ಕೂರಿಸಿದೆ. ಹೆಂಡತಿಯೂ ಅಲ್ಲ, ವಿಧವೆಯೂ ಅಲ್ಲ. ನಿನಗೆ ಕಾಗದ ಬೇಕಿತ್ತು, ಅದಕ್ಕೆ.”

“ಹೌದು,” ಅಂದ.

ಅಷ್ಟೇ. ಒಂದು ನೆಪ ಹೇಳಿದ್ದರೂ ಅದನ್ನು ಹಿಡಿದು ಇನ್ನೂ ಬೈಯುತ್ತಿದ್ದೆ. ಸಫೀನಾ, “ಮಾಮಿ, ಸಾಕು, ಹೋಗುವ” ಅಂದಳು. ನಾನು ಹೊರಡುವ ಮೊದಲು ಹೇಳಿದೆ, “ಬರುವ ಶುಕ್ರವಾರ ಉಪ್ಪನನ್ನು ಮಣ್ಣು ಮಾಡಿದ ಖಬರ್ ತೋರಿಸ್ಬೇಕು. ನಡೀಲಿಕ್ಕೆ ಆಗದಿದ್ರೆ ಶಾಫಿ ಹೊತ್ತುಕೊಂಡು ಹೋಗ್ತಾನೆ.”

ಶಾಫಿಯ ಪಿಕಪ್ಪಿನಲ್ಲಿ ಹೋದೆವು. ಸೋಹಾರಿನಿಂದ ಬುರೈಮಿಗೆ ಈಗ ಅಗಲದ ರಸ್ತೆ. ಒಂದು ಕಡೆ ಅದನ್ನು ಬಿಟ್ಟು ಕಲ್ಲು ತುಂಬಿದ ಹೊಳೆಯ ಪಾತ್ರದಲ್ಲಿ ಇಳಿಯಬೇಕು. ಮುಂದೆ ಕೂತಿದ್ದ ಮಮ್ಮದ್ ಮೂರು ಸಲ ದಾರಿ ತಪ್ಪಿಸಿದ. “ಆ ಗುಡ್ಡ ಅಲ್ಲ, ಅದರಾಚೆದು.” ಶಾಫಿ, “ಅಜ್ಜ, ಇಲ್ಲಿ ಎಲ್ಲ ಗುಡ್ಡವೂ ಒಂದೇ ಕಂಪೆನಿಯ ಮಾಲು, ಸರಿ ನೋಡಿ ಹೇಳಿ” ಅಂದ. ನಗಲು ಯಾರಿಗೂ ಮನಸ್ಸಿರಲಿಲ್ಲ.

ಹಳ್ಳಿಯಲ್ಲಿ ಈಗ ಜನರಿಲ್ಲ. ಮಣ್ಣಿನ ಗೋಡೆಗಳು, ಒಣಗಿದ ಕಾಲುವೆ, ಅದರ ಕೊನೆಯಲ್ಲಿ ಹತ್ತಿಪ್ಪತ್ತು ಖಬರ್‌ಗಳು. ಎಲ್ಲದಕ್ಕೂ ಬರೀ ಎರಡು ಕಲ್ಲು, ಮೂರು ಕಲ್ಲು. ಹೆಸರಿಲ್ಲ, ಗಿಡವಿಲ್ಲ. ಒಂದರ ತಲೆಯ ಕಡೆ ಮಾತ್ರ ಬೆರಳು ದಪ್ಪದ, ಒಣಗಿ ಕಪ್ಪಾದ ಒಂದು ಬುಡ ಇತ್ತು.

“ಮದರಂಗಿ,” ಅಂದ ಮಮ್ಮದ್. ನಮ್ಮಲ್ಲಿ ಖಬರ್ ತಲೆಯ ಹತ್ತಿರ ಮದರಂಗಿ ನೆಡುತ್ತಾರೆ. ಇಲ್ಲಿನವರು ನೆಡುವುದಿಲ್ಲ. “ಸೋಹಾರಿನಿಂದ ಕೊಂಬೆ ತಂದು ನೆಟ್ಟದ್ದು. ಬುರೈಮಿಯಿಂದ ಬರುವಾಗ ಹೋಗುವಾಗೆಲ್ಲ ನೀರು ಹಾಕ್ತಿದ್ದೆ. ಕಾಲುವೆ ಬತ್ತಿದ ಮೇಲೆ ಹೋಯ್ತು.”

ನಾನು ಖಬರ್‌ನ ಹತ್ತಿರ ಹೋಗುವಷ್ಟರಲ್ಲಿ ಆಡುಗಳನ್ನು ಹೇರಿಕೊಂಡ ಒಂದು ಗಾಡಿ ನಿಂತಿತು. ಬಿಳಿಗಡ್ಡದ ಒಮಾನಿಯೊಬ್ಬ ಇಳಿದು ಕೈಯಾಡಿಸಿದ. ಹೆಂಗಸರು ಖಬರಸ್ತಾನದೊಳಗೆ ಹೋಗಬಾರದು. ಶಾಫಿ ಅರಬಿಯಲ್ಲಿ ಅವನಿಗೆ ವಿಷಯ ಹೇಳಿದ. ಅವನು ಮದರಂಗಿಯ ಬುಡವನ್ನು ನೋಡಿ ಏನೋ ಕೇಳಿದ. ಶಾಫಿ ನನ್ನ ಕಡೆ ತಿರುಗಿದ. ಅವನ ಮುಖ ಸಣ್ಣದಾಗಿತ್ತು.

“ಉಮ್ಮ, ಇವರಿಗೆ ಗೊತ್ತುಂಟಂತೆ. ಇದು ಹಿಂದಿ, ಅಂದ್ರೆ ಇಂಡಿಯಾದ ದರ್ಜಿಯ ಖಬರ್ ಅಂತ ಇವರ ತಂದೆ ಹೇಳ್ತಿದ್ರಂತೆ. ಹಬ್ಬದ ದಿನ ಆ ದರ್ಜಿಗೂ ಸೇರಿಸಿ ದುವಾ ಮಾಡ್ತಿದ್ರಂತೆ.”

ಒಮಾನಿ ಮತ್ತೆ ನನ್ನನ್ನು ತಡೆಯಲಿಲ್ಲ. ಗಾಡಿಯಿಂದ ಒಂದು ಬಾಟಲಿ ನೀರು ತಂದುಕೊಟ್ಟು ದೂರ ಹೋಗಿ ಬೆನ್ನು ತಿರುಗಿಸಿ ನಿಂತ. ಆಡು ಮೇಯಿಸುವವರಿಗೆ ಗೊತ್ತಿತ್ತು. ಅವರ ಮಕ್ಕಳಿಗೆ ಗೊತ್ತಿತ್ತು. ನನ್ನ ಉಮ್ಮನಿಗೆ ಮಾತ್ರ ಗೊತ್ತಿರಲಿಲ್ಲ. ಅವಳು ಅಲ್ಲಿ ಬೀಡಿ ಎಲೆ ಕತ್ತರಿಸುತ್ತಾ, ಬಂದ ಮೇಲೆ ಕೇಳಿ ಹೇಳುತ್ತೇನೆ ಎನ್ನುತ್ತಿದ್ದಳು.

ನೆಲದಲ್ಲಿ ಕೂತು ಆ ಕಲ್ಲನ್ನು ಮುಟ್ಟಿದೆ. ಬಿಸಿಯಾಗಿತ್ತು. ಉಪ್ಪ ಎಂದು ಕರೆದೆ. ಹುಟ್ಟಿದ ಮೇಲೆ ಮೊದಲ ಸಲ. ಬೈದದ್ದಕ್ಕೆಲ್ಲ ಕ್ಷಮೆ ಕೇಳಿದೆ. ಹಿಂದೆ ನಿಂತಿದ್ದ ಮಮ್ಮದ್ ಆಗಲೇ ಬಾಯಿ ತೆರೆದ. “ಖದೀಜ, ನೀನೂ ನನ್ನನ್ನು ಮನ್ನಿಸಿಬಿಡು ಮೋಳೇ. ನನಗಿನ್ನು ಎಷ್ಟು ದಿನ ಉಂಟು?”

“ಮಗಳು ಅಂತ, ಮೋಳೇ ಅಂತ ಕರೀಬೇಡ,” ಅಂದೆ. “ನನಗೆ ಮಾಡಿದ್ದನ್ನು ಬೇಕಾದ್ರೆ ಬಿಡ್ತೇನೆ. ಇವತ್ತು ಅಲ್ಲ. ಉಮ್ಮನಿಗೆ ಮಾಡಿದ್ದನ್ನು ಬಿಡ್ಲಿಕ್ಕೆ ನಾನು ಯಾರು? ಅದನ್ನು ಅವಳ ಹತ್ತಿರವೇ ಕೇಳ್ಬೇಕು. ಬಸ್ಸಿಂದ ಇಳಿದಿದ್ರೆ ಕೇಳ್ಬಹುದಿತ್ತು.”

ವಾಪಸ್ಸು ಬಂದವಳೇ ಅವನನ್ನು ತೋಟಕ್ಕೆ ಬಿಡದೆ ನಮ್ಮ ಮನೆಗೆ ಕರೆತಂದೆ. ಉಚ್ಚಿಲಕ್ಕೆ ಫೋನ್ ಹಚ್ಚಿಸಿದೆ. ಮೊಯ್ದು ಚಿಕ್ಕಪ್ಪನಿಗೆ ಎಂಬತ್ತನಾಲ್ಕು. ಕಿವಿ ಚೆನ್ನಾಗಿದೆ. “ಚಿಕ್ಕಪ್ಪ, ಇಲ್ಲೊಬ್ಬರಿಗೆ ನಿಮ್ಮ ಹತ್ರ ಎಂತದ್ದೋ ಹೇಳ್ಲಿಕ್ಕುಂಟಂತೆ” ಎಂದು ಫೋನನ್ನು ಮಮ್ಮದ್‌ನ ಬಾಯಿಯ ಹತ್ತಿರ ಹಿಡಿದೆ. ಅವನು ತಪ್ಪಿಸಿಕೊಳ್ಳಲಿಲ್ಲ. ಯಾವ ತಿಂಗಳು, ಯಾವ ದಿನ, ಯಾವ ಗುಡ್ಡ, ಎಷ್ಟು ಕಾಗದ, ಎಲ್ಲ ಹೇಳಿದ.

  ಆಮೇಲೆ ಚಿಕ್ಕಪ್ಪನ ದನಿ ಬಂತು.

“ನಾನು ಓದುವಾಗ ಅತ್ತಿಗೆ ಬಾಗಿಲ ಹಿಂದೆ ನಿಂತು ಕೇಳ್ತಿದ್ಲು. ಎರಡೆರಡು ಸಲ ಓದಿಸ್ತಿದ್ಲು. ಹನ್ನೊಂದು ಕಾಗದ ನನ್ನ ಬಾಯಿಂದ ಓದಿಸಿದೆಯಲ್ಲ ಮಾರಾಯ. ಅಣ್ಣನನ್ನು ಬೈದು ಬೈದು ಈ ಬಾಯಿ ಹೊಲಸಾಯ್ತು.” ಆಮೇಲೆ ಹೇಳಿದರು, “ಪಳ್ಳಿಯಲ್ಲಿ ನಮಾಜಿಗೆ ಬಂದವರಿಗೆಲ್ಲ ಹೇಳಿಸ್ತೇನೆ. ನಿನ್ನ ಹೆಸರು ಸೇರಿಸಿಯೇ ಹೇಳಿಸ್ತೇನೆ.”

“ಹೇಳಿಸಿ,” ಅಂದ ಮಮ್ಮದ್.

ಹೇಳಿಸಿದರು. ಉಪ್ಪನ ಹೆಸರಿನಲ್ಲಿ ಯಾಸೀನ್ ಓದಿದರು. ಉಮ್ಮನಿಗೆ ಮದುವೆ ಮನೆಯಲ್ಲಿ ಚುಚ್ಚುತ್ತಿದ್ದವರಲ್ಲಿ ಇಬ್ಬರು ಇನ್ನೂ ಇದ್ದಾರೆ. ಫೋನ್ ಮಾಡಿ ಅತ್ತರು. ಅವರಿಗೆ ಏನು ಹೇಳಿದೆನೆಂದು ಇಲ್ಲಿ ಬರೆಯುವುದಿಲ್ಲ. ಸಫೀನಾ ಫೋನ್ ಕಿತ್ತುಕೊಂಡಳು.

ಶಅಬಾನ್ ತಿಂಗಳಲ್ಲಿ ಊರಿಗೆ ಹೊರಟೆ. ಹೋಗುವ ಹಿಂದಿನ ದಿನ ತೋಟದ ಕೆಲಸದವನು ಅಂಗಡಿಗೆ ಬಂದು, ಮಮ್ಮದ್ ಎರಡು ದಿನದಿಂದ ಎದ್ದಿಲ್ಲ, ನಿಮ್ಮನ್ನು ಕೇಳುತ್ತಿದ್ದಾನೆ ಎಂದ. ಹೋಗಬಾರದೆಂದೇ ಇದ್ದೆ. ಅಸರ್ ಆದ ಮೇಲೆ ಗಂಜಿ ಕಟ್ಟಿಕೊಂಡು ಹೋದೆ.

ಮಂಚದ ಮೇಲೆ ಎಲುಬು ಮಾತ್ರ ಇತ್ತು. ಗಂಜಿ ಎರಡು ಚಮಚ ಇಳಿಯಿತು. ಕ್ಷಮೆಯ ಮಾತನ್ನು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

“ಊರಿಗೆ ಹೋಗ್ತಿಯಂತೆ,” ಅಂದ.

“ಹೌದು.”

“ಹೆಂಗಸರನ್ನು ಖಬರಸ್ತಾನದ ಒಳಗೆ ಬಿಡುವುದಿಲ್ಲ, ಗೊತ್ತುಂಟು. ಗೋಡೆಯ ಹೊರಗೆ ನಿಂತಾದ್ರೂ ನಿನ್ನ ಉಮ್ಮನಿಗೆ ಒಂದು ಸಲಾಂ ಹೇಳ್ತಿಯಾ?” ಉಸಿರು ಎಳೆದುಕೊಂಡು, ನೀರಿನ ಬಾಟಲಿಯ ಕಡೆ ಚಾಚಿದ್ದ ನನ್ನ ಕೈಯನ್ನು ತಡೆದ. “ಹಾಜಬ್ಬರ ಹೆಸರಲ್ಲಿ ಬೇಡ. ಕಿನ್ಯದ ಮಮ್ಮದ್ ಹೇಳಿದ್ದು ಅಂತ ಹೇಳು.”